ತುಂಬಿದರೆ ಯಾರು ಇಳಿಯುವುದು?

ನಮ್ಮ ಭಾವನಿಗೆ ಹಾವು, ಹಂದಿ, ಪೊಲೀಸು ಯಾವುದರ ಹೆದರಿಕೆಯೂ ಇಲ್ಲ. ನನ್ನ ಅಕ್ಕನ ಹೆದರಿಕೆ ಕೂಡ ಇಲ್ಲ ಎಂದ ಮೇಲೆ ಅವರ ಧೈರ್ಯ ಎಷ್ಟೆಂದು ನೀವೇ ಅಂದಾಜು ಮಾಡಿ! ಅವರು ಹೆದರುವುದು ಒಂದಕ್ಕೇ, ಏನಾದರೂ ತುಂಬಿಹೋದೀತು ಎಂಬುದಕ್ಕೆ. ಬಕೆಟು ತುಂಬಬಾರದು, ಬಸ್ಸು ತುಂಬಬಾರದು, ತಾರಸಿಯ ನೀರಿನ ಟ್ಯಾಂಕಿ ಅಂಚಿಗೆ ಬರಬಾರದು. ಆ ಟ್ಯಾಂಕಿ ನೋಡಲೆಂದೇ ದಿನಾ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಾರೆ. ಮದುವೆಗೆ ಹೋದರೆ ನಾವೆಲ್ಲ ಮದುಮಗಳನ್ನು ನೋಡುತ್ತೇವೆ, ಭಾವ ಕುರ್ಚಿ ಎಣಿಸುತ್ತಾರೆ. ಎಣಿಸಿ, ಜನರನ್ನು ನೋಡಿ, ಒಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಊಟ ಮುಗಿಯುವ ತನಕ ಪಕ್ಕದಲ್ಲಿ ಕೂತವನಿಗೂ ಸಮಾಧಾನವಿಲ್ಲ.

ಈ ರೋಗ ಅವರಿಗೆ ಅಂಟಿದ್ದು ಶಾಲೆಯಲ್ಲಿ. ಮೀಂಜದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಭಾವ ಗಣಿತದ ಮಾಷ್ ಆಗಿದ್ದರು. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ರಜೆಯಲ್ಲಿ ಮಾಷ್‌ಗಳನ್ನೂ ಟೀಚರುಗಳನ್ನೂ ಕೂರಿಸಿ ಅದರ ತರಬೇತಿ ಕೊಡುತ್ತಾರೆ. ಉಳಿದವರು ಚಹಾ ಕುಡಿದು, ಹಾಜರಿ ಹಾಕಿ, ಮನೆಗೆ ಬಂದು ಮರೆತರು. ಭಾವನಿಗೆ ಮಾತ್ರ ಅದು ತಲೆಗೆ ಹತ್ತಿತು, ಹತ್ತಿದ್ದು ಇನ್ನೂ ಇಳಿದಿಲ್ಲ.

ನಿವೃತ್ತರಾದ ಮೇಲೆ ಊರಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇಟ್ಟರು. ಬ್ಯಾಂಕಿಗೆ ಹೋದಾಗ ಡೌನ್ ಆಗಿದೆ ಎನ್ನುತ್ತಾರಲ್ಲ, ಆ ಸರ್ವರಿನ ಬಡ ತಮ್ಮ. ಶಾಲೆಯವರು ಬೇಡವೆಂದ ಹಳೇ ಕಂಪ್ಯೂಟರು. ಅದರೊಳಗೆ ಇರುವುದು ನಮ್ಮ ಪಾಲಿಯೇಟಿವ್‌ನವರ ಪಟ್ಟಿ. ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಿಕೊಳ್ಳುವ ಸ್ವಯಂಸೇವಕರ ಗುಂಪು ಅದು. ಯಾರ ಮನೆಯಲ್ಲಿ ಗಾಳಿಹಾಸಿಗೆ ಉಂಟು, ಯಾರ ಮನೆಯಲ್ಲಿ ಗಾಲಿಕುರ್ಚಿ ಉಂಟು, ಮುಖ್ಯವಾಗಿ ನಾಲ್ಕೇ ನಾಲ್ಕು ಆಕ್ಸಿಜನ್ ಮೆಷಿನುಗಳು ಎಲ್ಲೆಲ್ಲಿ ಉಂಟು, ಒಂದು ವಾಪಸು ಬಂದರೆ ಮುಂದೆ ಯಾರ ಸರದಿ ಎಂಬುದೆಲ್ಲ ಆ ಪಟ್ಟಿಯಲ್ಲಿ ಬರುತ್ತದೆ. ಆ ಗುಂಪಿನ ನರ್ಸ್ ಸಿಸ್ಟರ್ ತಮ್ಮ ಫೋನಿನಲ್ಲಿ ನೋಡಿ ಜೀಪು ಹತ್ತುತ್ತಾರೆ.

ಈ ಸರ್ವರಿನ ಮೆಮೊರಿ ತುಂಬಿಹೋದರೆ? ಭಾವನ ಹಗಲೂ ರಾತ್ರಿಯೂ ಇದೇ ಚಿಂತೆ. ಎಷ್ಟು ಉಳಿದಿದೆ ಎಂದು ಆ ಸರ್ವರು ಗಂಟೆಗೊಮ್ಮೆ ಅವರ ಫೋನಿಗೆ ಮೆಸೇಜು ಕಳಿಸುತ್ತದೆ. ಅರ್ಧಕ್ಕರ್ಧ ಖಾಲಿ ಇದ್ದರೂ ಅವರ ಮುಖ ಸಣ್ಣದಾಗುತ್ತದೆ. ಅಷ್ಟು ಹೆದರಿಕೆಯಾದರೆ ಇನ್ನಷ್ಟು ಮೆಮೊರಿ ಹಾಕಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತು. ಉಪ್ಪಳದಲ್ಲಿ ನನ್ನದೊಂದು ಪುಸ್ತಕ, ಪೆನ್ನಿನ ಅಂಗಡಿ. ಪಕ್ಕದ ಕಂಪ್ಯೂಟರ್ ರಿಪೇರಿಯವನಲ್ಲಿ ಕೇಳಿ, ಎಂಟು ಜಿಬಿ ಮೆಮೊರಿ ಹಿಡಿದುಕೊಂಡು ಮಹಾ ಉಪಕಾರಿಯಂತೆ ಮೀಂಜಕ್ಕೆ ಹೋದೆ. ಭಾವ ನನ್ನನ್ನು ನೋಡಿದ್ದು ಏಕಾದಶಿಯ ದಿನ ಮೀನು ತಂದವನನ್ನು ನೋಡಿದ ಹಾಗೆ!

"ಮಾರಾಯ, ಪಂಚಾಯತಿನವರು ಮನೆಗಳಿಗೆ ಎರಡೇ ಅಂಕಿಯ ನಂಬರ್ ಕೊಡುವುದು ಅಂತ ಇಟ್ಟುಕೋ," ಎಂದರು. "ತೊಂಬತ್ತೊಂಬತ್ತು ಮನೆ ಆಯ್ತು. ನೂರನೇ ಮನೆ ಕಟ್ಟಿದರೆ ಪೋಸ್ಟಿನವ ಹುಡುಕುವುದು ಹೇಗೆ? ಇದು ಹಳೇ ಮೂವತ್ತೆರಡು ಬಿಟ್ಟಿನ ಪ್ರೊಸೆಸರು. ನೀನು ಎಂಟು ತಾ, ಹದಿನಾರು ತಾ, ಒಂದು ಪ್ರೋಗ್ರಾಮಿಗೆ ಮೂರು ಜಿಬಿಯ ಮೇಲೆ ನಂಬರ್ ಇಲ್ಲ."

ಆಗಲೇ ಗಲ್ಫಿನಲ್ಲಿರುವ ಅವರ ಹಳೇ ಶಿಷ್ಯನೊಬ್ಬ ಊರಿಗೆ ಬಂದವನು ಅಂಗೈಯಗಲದ ಒಂದು ಪುಟ್ಟ ಬೋರ್ಡು ಕೊಟ್ಟುಹೋದ. ಅದೂ ಕಂಪ್ಯೂಟರೇ ಅಂತೆ. ಒಳಗೆ ಮೊಬೈಲಿನಲ್ಲಿ ಇರುವಂಥ ಬೇರೆ ಜಾತಿಯ ಪ್ರೊಸೆಸರು. ಹಳೆಯದರಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನು ಇದಕ್ಕೆ ಹಾಕಿದರೆ ತಿರುವನಂತಪುರದ ಆಫೀಸಿನಲ್ಲಿ ತುಳು ಮಾತಾಡಿದ ಹಾಗೆ, ಒಂದಕ್ಷರವೂ ಅದಕ್ಕೆ ತಿಳಿಯಲಿಲ್ಲ. ಭಾವ ವಾರಗಟ್ಟಲೆ ಕೂತು ಎಲ್ಲವನ್ನೂ ಅದರ ಭಾಷೆಗೆ ತಂದರು. ಹೊಸದು ಅರುವತ್ತನಾಲ್ಕು ಬಿಟ್ಟಿನದ್ದು, ನಂಬರಿಗೆ ಕೊನೆಯೇ ಇಲ್ಲ. ಇನ್ನಾದರೂ ಮನುಷ್ಯನಿಗೆ ನೆಮ್ಮದಿ ಸಿಕ್ಕೀತು ಎಂದು ನಾವು ಎಣಿಸಿದೆವು. ಎಲ್ಲಿಯ ನೆಮ್ಮದಿ! ಆ ಬೋರ್ಡಿನಲ್ಲಿ ಇರುವ ಮೆಮೊರಿ ಒಂದೇ ಜಿಬಿ, ಬೇರೆ ಹಾಕಲು ಜಾಗವೂ ಇಲ್ಲ. ಒಂದರಲ್ಲಿ ಮನೆ ಕಟ್ಟಬಹುದು, ನಂಬರ್ ಇಲ್ಲ. ಇನ್ನೊಂದರಲ್ಲಿ ಬೇಕಾದಷ್ಟು ನಂಬರ್ ಉಂಟು, ಮನೆ ಕಟ್ಟಲು ಜಾಗ ಇಲ್ಲ. ಮೊದಲು ಒಂದು ಸರ್ವರಿಗೆ ಹೆದರುತ್ತಿದ್ದವರು ಈಗ ಎರಡಕ್ಕೆ ಹೆದರತೊಡಗಿದರು.

ತುಂಬಿಹೋದರೆ ಆಗುವುದಾದರೂ ಏನು ಎಂದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. ಕೇಳಬಾರದಿತ್ತು. ಸಾರು ಮುಗಿದು ಮಜ್ಜಿಗೆಗೆ ಬಂದರೂ ವಿವರಣೆ ಮುಗಿಯಲಿಲ್ಲ. ಮೆಮೊರಿ ಪೂರ್ತಿ ತುಂಬಿದರೆ ಲಿನಕ್ಸ್ ಸುಮ್ಮನೆ ಕೂರುವುದಿಲ್ಲವಂತೆ. ಓಡುತ್ತಿರುವ ಪ್ರೋಗ್ರಾಮುಗಳಲ್ಲಿ ಒಂದನ್ನು ಆರಿಸಿ ಕೊಲ್ಲುತ್ತದಂತೆ, ಉಳಿದವು ಬದುಕಲಿ ಎಂದು. ಯಾವುದನ್ನು ಮೊದಲು ಕೊಲ್ಲಬೇಕೆಂದು ನಾವೇ ನಂಬರು ಬರೆದಿಡಬಹುದು. ಮೈನಸ್ ಸಾವಿರ ಎಂದರೆ ಮುಟ್ಟಲೇಬೇಡ. ಪ್ಲಸ್ ಸಾವಿರ ಎಂದರೆ ಮೊದಲು ನನ್ನನ್ನೇ ತೆಗೆ. ಆದರೆ ಒಂದು ಪ್ರೋಗ್ರಾಮಿಗೆ ಮಾತ್ರ ಈ ಕಾನೂನು ತಾಗುವುದಿಲ್ಲ. ಮೆಷಿನ್ ಎದ್ದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವಂಥದ್ದು, ಒಂದನೇ ನಂಬರಿನದ್ದು. ಅದು ಹೋದರೆ ಉಳಿದವು ಯಾವುವೂ ನಿಲ್ಲುವುದಿಲ್ಲ. ಅದರ ಹೆಸರಿನ ಮುಂದೆ ಏನು ಬರೆದರೂ ಅದನ್ನು ಕೊಲ್ಲಲಿಕ್ಕಿಲ್ಲ.

ಅಕ್ಕ ಇದನ್ನೆಲ್ಲ ಕೇಳುತ್ತಿದ್ದಾಳೆ ಎಂದು ನನಗೆ ಅನಿಸಲಿಲ್ಲ. ಅನ್ನ ಬೇಕಾ ಎಂದು ಎರಡು ಸಲ ಕೇಳಿದಳು, ಅಷ್ಟೆ. ಮನೆಯವರಿಗೂ ನಂಬರು ಕೊಟ್ಟಿದ್ದೀರಾ ಎಂದು ನಾನು ಭಾವನನ್ನು ಕೆಣಕಿದೆ. ಕೊಟ್ಟಿದ್ದರು! ಅಕ್ಕನಿಗೆ ಮೈನಸ್ ಸಾವಿರ, ಮನೆಯ ಬೆಕ್ಕಿಗೆ ಮೈನಸ್ ಐನೂರು, ನನಗೆ ಪ್ಲಸ್ ಆರುನೂರು. ಬೆಕ್ಕಿಗಿಂತ ನಾನು ಅಗ್ಗವಾದೆನೇ ಎಂದು ಜಗಳ ತೆಗೆಯುವ ಭರದಲ್ಲಿ ಅವರ ನಂಬರು ಎಷ್ಟೆಂದು ಕೇಳುವುದನ್ನೇ ಮರೆತೆ.

ಮರೆಯಬಾರದಿತ್ತು. ಅವರ ನಂಬರಿನ ಗುರುತು ಸಿಗುವಂಥ ಸಂಗತಿ ಕಣ್ಣೆದುರೇ ನಡೆದಿತ್ತಲ್ಲ! ಮಂಗಲ್ಪಾಡಿಯಲ್ಲಿ ನಮ್ಮ ಸಂಬಂಧಿಕರ ಹೊಸ ಮನೆಯ ಒಕ್ಕಲಿಗೆ ಎಲ್ಲರೂ ಒಂದೇ ಜೀಪಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಮುದುಕಿಯೊಬ್ಬರು ಕೈ ತೋರಿಸಿದರು, ಡ್ರೈವರು ಹತ್ತಿಸಿಕೊಂಡ. ಭಾವ ತಲೆ ಎಣಿಸಿದರು, ಲಿಮಿಟ್ ದಾಟಿತು ಎಂದರು, ಇಳಿದರು. ನಾವು ಎಷ್ಟು ಕರೆದರೂ ಹತ್ತಲಿಲ್ಲ. ಬಿಸಿಲಿನಲ್ಲಿ ಬಸ್ಸಿಗೆ ಕಾದು, ಆ ಬಸ್ಸು ತುಂಬಿದೆಯೆಂದು ಅದನ್ನೂ ಬಿಟ್ಟು, ನಡೆದೇ ಬಂದು ತಲುಪುವಾಗ ಪಾಯಸದ ಪಾತ್ರೆ ತೊಳೆಯುತ್ತಿದ್ದರು. ವರ್ಷವಿಡೀ ಆ ಕತೆ ಹೇಳಿ ನಾನು ಅಂಗಡಿಯಲ್ಲಿ ಜನರನ್ನು ನಗಿಸಿದ್ದೇನೆ.

ಕಳೆದ ಮಾರ್ಚಿನಲ್ಲಿ ನಗು ನಿಂತಿತು. ಭಾವನಿಗೆ ಮೊದಲಿನಿಂದಲೂ ಇದ್ದ ಕೆಮ್ಮು ಶ್ವಾಸಕೋಶಕ್ಕೆ ಇಳಿದಿತ್ತು. ಮಂಗಳೂರಿನ ಡಾಕ್ಟರು ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇಟ್ಟುಕೊಳ್ಳಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಪಾಲಿಯೇಟಿವಿನಲ್ಲಿ ಹೆಸರು ಕೊಟ್ಟಿದ್ದೇನೆ, ಸರದಿ ಬರುತ್ತದೆ ಎಂದು ಭಾವ ಹೇಳಿದರು. ಒಂದು ವಾರ ಹೋಯಿತು, ಎರಡಾಯಿತು. ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂತು ಏಳುವ ಸ್ಥಿತಿ ಬಂತು. ನಾನು ದಿನಾ ಅಂಗಡಿ ಬಾಗಿಲು ಹಾಕಿ ಓಡಿ ಬರುತ್ತಿದ್ದೆ. ಪಕ್ಕದಲ್ಲಿ ಕೂತು ಅವರ ಉಸಿರು ಎಣಿಸುತ್ತಿದ್ದೆ.

ಒಂದು ಬೆಳಿಗ್ಗೆ ತಡೆಯಲಾರದೆ ಸಿಸ್ಟರಿಗೆ ಫೋನು ಮಾಡಿದೆ. ಅವರಿಗೆ ಆಶ್ಚರ್ಯ. ಭಾವನ ಹೆಸರು ಪಟ್ಟಿಯ ಕೊನೆಯಲ್ಲಿತ್ತು, ಅಷ್ಟೇನೂ ತೊಂದರೆ ಇಲ್ಲ ಎಂದು ಅವರು ತಿಳಿದಿದ್ದರು. ನಾನು ವಾಚನಾಲಯಕ್ಕೆ ಹೋಗಿ, ಅಲ್ಲಿನ ಸೆಕ್ರೆಟರಿಯಲ್ಲಿ ಹೇಳಿ ಪಟ್ಟಿ ತೆರೆಸಿದೆ. ಪ್ರತಿ ಹೆಸರಿನ ಮುಂದೆಯೂ ಒಂದು ನಂಬರು. ಮೆಷಿನುಗಳು ಸಾಲದೆ ಬಂದರೆ ಯಾರನ್ನು ಬಿಡಬೇಕು ಎಂದು ತಿಳಿಯಲು ಭಾವ ಅಲ್ಲಿಯೂ ಲಿನಕ್ಸಿನ ಲೆಕ್ಕವನ್ನೇ ತಂದಿದ್ದರು. ಉಳಿದವರಿಗೆಲ್ಲ ಡಾಕ್ಟರ ಚೀಟಿ ನೋಡಿ ಹಾಕಿದ ನಂಬರು. ತಮ್ಮ ಹೆಸರಿನ ಮುಂದೆ ಮಾತ್ರ ಯಾವ ಚೀಟಿಯನ್ನೂ ನೋಡದೆ ಪ್ಲಸ್ ಸಾವಿರ ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಅದೇ ಮಧ್ಯಾಹ್ನ ಸಿಸ್ಟರು ಜೀಪಿನಲ್ಲಿ ಮೆಷಿನ್ ತಂದರು. ನಾಯ್ಮಾರ್ಮೂಲೆಯ ಒಂದು ಮನೆಯಿಂದ ವಾಪಸು ಬಂದದ್ದು. ಪಟ್ಟಿಯಲ್ಲಿ ಮುಂದೆ ಇದ್ದವರು ಗುಣವಾಗಿ ಓಡಾಡುತ್ತಿದ್ದಾರೆ, ಈಗ ಜರೂರು ಇರುವುದು ಮಾಷಿಗೇ ಎಂದು ಚೀಟಿಗಳನ್ನೆಲ್ಲ ಹರಡಿ ತೋರಿಸಿದರು. ಭಾವ ದಿಂಬಿಗೆ ಒರಗಿ, ಎರಡೆರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ, ಬೇಡವೆಂದರು. ಇರುವುದು ನಾಲ್ಕೇ, ನಾಳೆ ಬೇರೆ ಯಾರಿಗಾದರೂ ಬೇಕಾದರೆ ಎಂದರು. ಪಟ್ಟಿ ಹೇಳಿದ ಹಾಗೆ ಆಗಲಿ ಎಂದರು. ನಾನು ಬೈದೆ, ಸಿಸ್ಟರು ಗೋಗರೆದರು. ಆ ಮನುಷ್ಯ ಫೋನಿಗೆ ಬಂದ ಮೆಸೇಜನ್ನು ನೋಡುತ್ತಾ ಕೂತರು, ಎಷ್ಟು ಜಾಗ ಉಳಿದಿದೆ ಎಂದು!

ಅಲ್ಲಿಯ ತನಕ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. ಫೋನು ತೆಗೆದು ಕಿಟಕಿಯ ಮೇಲಿಟ್ಟಳು. ಮಂಚದ ಅಂಚಿನಲ್ಲಿ ಕೂತು ಮೆಷಿನಿನ ನಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡಳು.

"ನಲುವತ್ತು ವರ್ಷದಿಂದ ಈ ಮನೆಯಲ್ಲಿ ಮೊದಲು ಏಳುವುದು ಯಾರು?" ಎಂದು ಕೇಳಿದಳು. "ಒಂದನೇ ನಂಬರಿನವರನ್ನು ಕೊಲ್ಲಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ಲವಾ? ಹೆಸರಿನ ಮುಂದೆ ಎಂತ ಬೇಕಾದರೂ ಬರೆದುಕೊಳ್ಳಿ. ಅದು ನಿಮಗೆ ತಾಗುವುದಿಲ್ಲ."

ಭಾವ ಅವಳನ್ನೇ ನೋಡಿದರು. ತರಗತಿಯ ಹಿಂದಿನ ಬೆಂಚಿನಿಂದ ಸರಿಯುತ್ತರ ಬಂದಾಗ ಮಾಷ್‌ಗಳು ನೋಡುವ ನೋಟ ಅದು. ಏನೋ ಹೇಳಲು ಬಾಯಿ ತೆರೆದರು, ಉಸಿರು ಸಾಲಲಿಲ್ಲ. ಅಕ್ಕ ನಳಿಗೆಯನ್ನು ಅವರ ಮೂಗಿಗೆ ಇಟ್ಟಳು. ಈ ಸಲ ಭಾವ ಬೇಡವೆನ್ನಲಿಲ್ಲ.

ನಾನು ಯಾರಿಗೋ ಫೋನು ಮಾಡುವ ನೆಪ ಹೇಳಿ ಅಂಗಳಕ್ಕೆ ಬಂದು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಭಾವನ ದನಿ ಕೇಳಿಸಿತು, ಸಣ್ಣಗೆ, ಆದರೆ ನಡುವೆ ತುಂಡಾಗದೆ. ಕರೆಂಟು ಹೋದರೆ ಇನ್ವರ್ಟರು ಎಷ್ಟು ಹೊತ್ತು ಬರುತ್ತದೆ ಎಂದು ಅಕ್ಕನನ್ನು ಕೇಳುತ್ತಿದ್ದರು.