ಗೌರಿಯ ಕಾಲುಮಣೆ ಮತ್ತು ದೂಳು ಹೀರುವ ಮಿಷನ್

ಅಳತೆಯ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಬಿಳಿಗೆರೆಯ ಸುತ್ತಮುತ್ತ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಆ ಕೆಲಸವೂ ನನ್ನ ತಲೆಗೇ ಬಂದಿದೆ. ಬಾಗಿಲು, ಕಿಟಕಿ, ಮಂಚ ಮಾಡುವ ಬಡಗಿ ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರಾತ್ರಿ ಊಟ ಸೇರುವುದಿಲ್ಲ. ಆದರೆ ಮದುವೆಯಾದ ಹೊಸತರಲ್ಲಿ ಹೆಂಡತಿ ಗೌರಿಗೆಂದು ಪ್ರೀತಿಯಿಂದ ಮಾಡಿಕೊಟ್ಟ ಕಾಲುಮಣೆ ಇಪ್ಪತ್ತೆರಡು ವರ್ಷಗಳಿಂದ ಅಲ್ಲಾಡುತ್ತಲೇ ಇದೆ. ಪ್ರೀತಿ ಜಾಸ್ತಿಯಾದಾಗ ಅಳತೆ ತಪ್ಪುತ್ತದೆ ಎಂದು ನನ್ನ ಸಮಜಾಯಿಷಿ. ಅವಳು ಅದರ ಒಂದು ಕಾಲಿನ ಕೆಳಗೆ ತೆಂಗಿನ ಚಿಪ್ಪಿನ ಚೂರು ಇಟ್ಟುಕೊಂಡು ಕೂರುತ್ತಾಳೆ. ಸರಿ ಮಾಡಿಕೊಡುತ್ತೇನೆ ಎಂದು ನಾನು ಪ್ರತಿ ಯುಗಾದಿಗೂ ಹೇಳುತ್ತೇನೆ.

ಆ ಮಣೆಯ ಜಾಗ ನನ್ನ ಶೆಡ್ಡಿನ ಬಾಗಿಲ ಪಕ್ಕ. ಮಧ್ಯಾಹ್ನ ಮೂರಕ್ಕೆ ಗೌರಿ ಎರಡು ಲೋಟ ಟೀ ತಂದು ಅಲ್ಲಿ ಕೂತಳೆಂದರೆ, ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಊರಿನ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದಳು. ಯಾರ ಎಮ್ಮೆ ಕರು ಹಾಕಿತು, ಯಾರ ಅಟ್ಟದ ಕಾಯಿ ಇನ್ನೂ ಕೊಬ್ಬರಿಯಾಗಿಲ್ಲ, ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳು. ನಾನು ಗರಗಸ ಎಳೆಯುತ್ತಾ ಹೂಂಗುಟ್ಟುತ್ತಿದ್ದೆ. ಕೈಗರಗಸ ಬಹಳ ಸಭ್ಯವಾದ ವಸ್ತು. ಎಲ್ಲಿ ಬೇಕಾದರೂ ನಿಲ್ಲಿಸಿ “ಆಮೇಲೆ?” ಎಂದು ಕೇಳಬಹುದು.

ಹೋದ ವರ್ಷ ಮೈಟರ್ ಸಾ ಎಂಬ ಕರೆಂಟಿನ ಗರಗಸ ಕೊಂಡೆ. ತಲೆಯನ್ನು ಬೇಕಾದ ಕಡೆಗೆ ತಿರುಗಿಸಿ ಹಿಡಿ ಒತ್ತಿದರೆ ಚೌಕಟ್ಟಿನ ಮೂಲೆ ಬೆಣ್ಣೆಯಂತೆ ಕತ್ತರಿಸಿ ಬೀಳುತ್ತದೆ. ಇಡೀ ಬೆಳಗಿನ ಕೆಲಸ ಕಾಲು ಗಂಟೆಯಲ್ಲಿ ಮುಗಿಯತೊಡಗಿತು. ಸ್ಟ್ಯಾಂಡಿಗೆ ಯಾಕೆ ದುಡ್ಡು ಎಂದು ಅದನ್ನು ತೆಂಗಿನ ಬೊಡ್ಡೆಯ ಮೇಲೆ ಕೂರಿಸಿದೆ. ಬಗ್ಗಿ ಬಗ್ಗಿ ಹದಿನೈದು ದಿನದಲ್ಲಿ ನನ್ನ ಸೊಂಟ ನನ್ನ ಅಪ್ಪನ ಸೊಂಟದಂತಾಯಿತು. ಅದನ್ನಾದರೂ ಸಹಿಸಬಹುದಿತ್ತು. ದೂಳು ಮಾತ್ರ ಶೆಡ್ಡಿನಲ್ಲಿ ಮೋಡ ಕಟ್ಟಿದಂತೆ ನಿಲ್ಲುತ್ತಿತ್ತು. ನಮ್ಮ ಸೀಮೆಯವರ ಬುದ್ಧಿಯೇ ಹಾಗೆ, ಯಾವ ವಸ್ತು ಉಕ್ಕಿ ಬಂದರೂ ಮೊದಲು ಹೊಳೆಯುವುದು ಕೊಬ್ಬರಿಯ ಗೋಣಿಚೀಲ. ಮಿಷನ್ನಿನ ಹಿಂದೆ ದೂಳು ಬರುವ ಕೊಳವೆಗೆ ಪೈಪು ಸಿಕ್ಕಿಸಿ, ಅದರ ತುದಿಗೆ ಗೋಣಿಚೀಲ ಕಟ್ಟಿ, ಗೌರಿಯನ್ನು ಕರೆದು ಹೆಮ್ಮೆಯಿಂದ ಗುಂಡಿ ಒತ್ತಿದೆ. ದಪ್ಪ ಹೊಟ್ಟು ಚೀಲದಲ್ಲಿ ನಿಂತಿತು. ಹಿಟ್ಟಿನಂಥ ನುಣ್ಣನೆಯ ದೂಳು ಮಾತ್ರ ಗೋಣಿಯ ಕಣ್ಣುಗಳಿಂದ ಜರಡಿ ಹಿಡಿದಂತೆ ಇಳಿದು, ಅವಳ ತಲೆ, ಟೀ, ಗರಿ ಎಲ್ಲವನ್ನೂ ಮುಚ್ಚಿತು. ಅವಳು ಕೆಮ್ಮುತ್ತಾ ಎದ್ದು ಹೋದಳು.

ಮಾರನೆಯ ದಿನ ಟೀ ಒಂದೇ ಲೋಟ ಬಂತು. ಮಣೆ ಕೊಟ್ಟಿಗೆಗೆ ಹೋಗಿತ್ತು. ಸಿಟ್ಟು, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ಒಂದು ವಾರವಾಯಿತು, ಒಂದು ತಿಂಗಳಾಯಿತು, ಎರಡು ತಿಂಗಳೇ ಆಗುತ್ತ ಬಂತು. ಕೆಲಸ ಬೇಗ ಬೇಗ ಮುಗಿಯುತ್ತಿತ್ತು, ಮಧ್ಯಾಹ್ನ ಮಾತ್ರ ಮುಗಿಯುತ್ತಿರಲಿಲ್ಲ. ಕೊನೆಗೆ ತಿಪಟೂರಿನ ಡಾಕ್ಟರ ಚೀಟಿ ಅಡುಗೆಮನೆಯ ಡಬ್ಬಿಯ ಹಿಂದೆ ಸಿಕ್ಕಿತು. ಕೇಳಿದಾಗ ಗೌರಿ, “ದೂಳಿನ ಹತ್ರ ಸುಳೀಬೇಡಿ ಅಂದವ್ರೆ ಕಣ್ರೀ. ನಿಮಗ್ಯಾಕೆ ಹೇಳಿ ಬೇಜಾರು ಮಾಡ್ಲಿ ಅಂತ ಸುಮ್ಕಿದ್ದೆ” ಎಂದಳು. ದೂಳು ಎಂದರೆ ನಾನೇ ಅಲ್ಲವೇ! ಆ ದಿನ ನನಗೆ ನನ್ನ ಮೇಲೆ ಬಂದಷ್ಟು ಕೋಪ ಯಾವ ಗಿರಾಕಿಯ ಮೇಲೂ ಬಂದಿರಲಿಲ್ಲ.

ಮರುದಿನವೇ ನಾರಿನ ಹುರಿಯೊಂದಕ್ಕೆ ಎರಡು ಗಂಟು ಹಾಕಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ಅಂಗಡಿಯವನು ಮೂರು ಬಗೆಯ ಸ್ಟ್ಯಾಂಡು ತೋರಿಸಿದ. ಮಡಿಸುವಂಥದ್ದು, ಚಕ್ರವಿದ್ದದ್ದು, ಉದ್ದನೆಯ ಮರ ಆತುಕೊಳ್ಳಲು ಎರಡೂ ಕಡೆ ತೋಳು ಚಾಚುವಂಥದ್ದು. ನಾನು ಹುರಿ ಹಿಡಿದು ಅಳೆಯುತ್ತಾ ನಿಂತೆ.

“ಮೊದ್ಲನೇ ಗಂಟು ಯಾತಕ್ಕಣ್ಣ?” ಎಂದ.

“ನನ್ನ ಕೆಲಸದ ಮೇಜಿನ ಎತ್ರ ಕಣಪ್ಪ. ಎರಡೂ ಒಂದೇ ಮಟ್ಟ ಇರ್ಬೇಕು.”

“ಎರಡನೇದು?”

“ಮಿಷನ್ನಿಂದ ನಮ್ಮನೆಯೋರು ಕೂರೋ ಜಾಗಕ್ಕೆ. ಅಲ್ಲಿಗೆ ದೂಳು ಹೋಗ್ಬಾರ್ದು.”

ಅವನು ನಗಲಿಲ್ಲ. “ಹಂಗಾದ್ರೆ ಮೊದ್ಲು ದೂಳು ಹೀರೋ ಮಿಷನ್ ನೋಡಣ್ಣ, ಸ್ಟ್ಯಾಂಡು ಆಮೇಲೆ. ಈ ಗರಗಸ ಹಿಂದಕ್ಕೆ ಉಗುಳ್ತದೆ. ಬರೀ ಪೈಪಿಗೆ ಅರ್ಧ ದೂಳೂ ಸಿಗಲ್ಲ. ಹಿಂದುಗಡೆ ಗೂಡಿನ ತರ ಒಂದು ಮರೆ ಕಟ್ಟಿ ಅಲ್ಲಿಂದ ಎಳೀಬೇಕು. ಗೋಣಿಚೀಲ ಗೀಣಿಚೀಲ ಕಟ್ಟೀಯ ಮತ್ತೆ!” ನಾನು ಗಂಭೀರವಾಗಿ, ಅಂಥ ಕೆಲಸ ಯಾರಾದರೂ ಮಾಡುತ್ತಾರೆಯೇ ಎಂದೆ.

ತೋಳು ಚಾಚುವ ಸ್ಟ್ಯಾಂಡನ್ನೂ ಡ್ರಮ್ಮಿನಂಥ ಹೀರುವ ಮಿಷನ್ನನ್ನೂ ತಂದು ಜೋಡಿಸಿದೆ. ಹಿಂದೆ ಪ್ಲೈವುಡ್ಡಿನ ಗೂಡು ಕಟ್ಟಿದೆ. ಹುರಿಯ ಎರಡನೇ ಗಂಟು ಮುಟ್ಟುವ ಜಾಗದಲ್ಲಿ ಕರಿ ಬಟ್ಟೆ ಹಾಸಿ ಮಿಷನ್ನಿನಲ್ಲಿ ಇಪ್ಪತ್ತು ತುಂಡು ಮರ ಕತ್ತರಿಸಿದೆ. ಬಟ್ಟೆಯ ಮೇಲೆ ಬೆರಳು ಎಳೆದರೆ ಬೆರಳಿಗೆ ಏನೂ ಅಂಟಲಿಲ್ಲ. ಮೂರು ದಿನ ಹೀಗೆ ಪರೀಕ್ಷೆ ಮಾಡಿದ ಮೇಲೆ ಕೊಟ್ಟಿಗೆಗೆ ಹೋಗಿ ಗೌರಿಯನ್ನು ಕರೆದೆ. ಬಾಯಿಗೆ ಸೆರಗು ಹಿಡಿದೇ ಬಂದಳು. ಮಣೆ ಹಾಕಿದಳು, ಚಿಪ್ಪಿನ ಚೂರು ಇಟ್ಟಳು, ಕೂತಳು. ನಾನು ಎರಡೂ ಮಿಷನ್ ಹಾಕಿ ಕತ್ತರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಸೆರಗು ಕೆಳಗಿಳಿಯಿತು, ಗರಿ ಕೈಗೆ ಬಂತು, ತುಟಿ ಅಲ್ಲಾಡತೊಡಗಿತು. ಎರಡು ಮಿಷನ್ನಿನ ಸದ್ದಿಗೆ ಒಂದು ಮಾತೂ ಕೇಳಿಸದಿದ್ದರೂ ನಾನು ಹಳೆಯ ಅಭ್ಯಾಸದಂತೆ ತಲೆಯಾಡಿಸುತ್ತಾ ಹೋದೆ. ಅವಳು ಎದ್ದು ಬಂದು ಕಿವಿಯ ಹತ್ತಿರ, “ಏನ್ ಹೇಳ್ದೆ ಹೇಳಿ ನೋಡಾನ?” ಎಂದು ಕೂಗಿದಳು.

ಎರಡೂ ಮಿಷನ್ ಆರಿಸಿದೆ. ಹೀಗೆ, ಹುರಿಗೆ ಗಂಟು ಹಾಕಿ ಅಳೆದು ತಂದ ಮಿಷನ್ನುಗಳಿಗೆ ದಿನವೂ ಮೂರರಿಂದ ನಾಲ್ಕರವರೆಗೆ ರಜೆ. ಸ್ಟ್ಯಾಂಡಿನ ಬಲತೋಳಿನ ಮೇಲೆ ಟೀ ಲೋಟ, ಎಡತೋಳಿನ ಮೇಲೆ ಪೊರಕೆ ಕಡ್ಡಿ.

ಆ ಮೊದಲ ದಿನ ಗೌರಿ ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಬಂದು, ಕೈಯಿಂದ ಅಲ್ಲಾಡಿಸಿ ನೋಡಿ, “ಮಿಷನ್ನಿಗೆ ನಾಲ್ಕು ಕಾಲೂ ಸಮ. ನನ್ ಮಣೆಗೆ ಮಾತ್ರ ಚಿಪ್ಪು. ಆಗ್ಲಿ ಬುಡಿ, ನಾನಂತೂ ವಾಪಸ್ ಬಂದೆ” ಎಂದು ನಕ್ಕು, ಎರಡು ತಿಂಗಳ ಸುದ್ದಿಯನ್ನು ಒಂದೇ ಉಸಿರಿಗೆ ಹೇಳತೊಡಗಿದಳು. ಒಂದು ಸಲವೂ ಕೆಮ್ಮಲಿಲ್ಲ. ನನ್ನ ಕಣ್ಣು ತುಂಬಿ ಬಂತು. ದೂಳು ಬಿತ್ತು ಎನ್ನೋಣವೆಂದರೆ, ಶೆಡ್ಡಿನಲ್ಲಿ ದೂಳೇ ಇರಲಿಲ್ಲ.