ಮರದ ಮುದ್ದೆ, ಸೊಂಟದ ಟೇಪು ಹಾಗೂ ಬೆಟ್ಟ ಹತ್ತುವಿಕೆ: ಮಾರ್ಪಡಿಸಿದ ನಿಯಮಗಳು

ವಿದ್ಯಾರ್ಥಿ ದೇಹಭಾರ ನಿಯಂತ್ರಣ ವಿಭಾಗ
(ವಿಶ್ವವಿದ್ಯಾಲಯದ ಆಡಳಿತ ಕಛೇರಿ), ರಾಮನಗರ

ಸಂಖ್ಯೆ: ವಿದೇನಿ/ಸೊಂಟ/ಮುದ್ದೆ/ಮಾರ್ಪಾಡು/2025-26

ವಿಷಯ: ವಿದ್ಯಾರ್ಥಿಗಳಲ್ಲಿ ಹೆಚ್ಚುತ್ತಿರುವ ಬೊಜ್ಜು ಮತ್ತು ತತ್ಪರಿಣಾಮವಾಗಿ ಹೃದಯಕ್ಕೆ ಒದಗಬಹುದಾದ ಅಪಾಯದ ನಿವಾರಣೆ ಕುರಿತು.

ಉಲ್ಲೇಖ: 1. ಆರೋಗ್ಯ ತಪಾಸಣಾ ಶಿಬಿರದ ವರದಿ.
2. ಸದರಿ ವರದಿಯ ಮೇಲೆ ನಡೆದ ಸಭೆಯ ನಡವಳಿ (ಬೋಂಡಾದ ಎಣ್ಣೆ ಇಳಿದಿರುವುದರಿಂದ ಎರಡನೆಯ ಪುಟ ಅಸ್ಪಷ್ಟ).
3. ಎಂ.ಕಾಂ. ವಿದ್ಯಾರ್ಥಿ ಮತೀನ್ ಅವರ ಮನವಿ.

ಉಲ್ಲೇಖ ಒಂದರಲ್ಲಿ, ಮೊದಲನೆಯ ಮಹಡಿ ಹತ್ತುವಷ್ಟರಲ್ಲಿ ಬಹುಪಾಲು ವಿದ್ಯಾರ್ಥಿಗಳು ಏದುಸಿರು ಬಿಡುತ್ತಿರುವುದನ್ನು ವೈದ್ಯರು ಗಮನಿಸಿ, ಎಣ್ಣೆ, ಉಪ್ಪು, ಸಕ್ಕರೆ ಕಡಿಮೆ ಮಾಡಿ ದಿನವೂ ನಡೆಯುವಂತೆ ಸಲಹೆ ಮಾಡಿರುತ್ತಾರೆ. ಸದರಿ ಸಲಹೆಗಳು ತೀರಾ ಸಾಮಾನ್ಯವೆಂದು ಸಭೆಯು ಷರಾ ಬರೆದು, ಸ್ವತಂತ್ರವಾಗಿ ನಿಯಮಗಳನ್ನು ರೂಪಿಸಿತ್ತು. ಕಳೆದ ಭಾನುವಾರದ ಘಟನೆಯ ಹಿನ್ನೆಲೆಯಲ್ಲಿ ಅವುಗಳನ್ನು ಈ ಕೆಳಕಂಡಂತೆ ಮಾರ್ಪಡಿಸಲಾಗಿದೆ.

1. ಬೊಜ್ಜಿಗೆ ಗೇಟಿನ ಹೊರಗಿನ ಪಫ್ಸು ಹಾಗೂ ಗೋಬಿ ಮಂಚೂರಿ ಕಾರಣವೆಂದು ವರದಿ ಹೇಳುತ್ತದೆಯಾದರೂ, ಗೇಟಿನ ಹೊರಭಾಗವು ಈ ವಿಭಾಗದ ವ್ಯಾಪ್ತಿಗೆ ಬಾರದಿರುವುದರಿಂದ, ವ್ಯಾಪ್ತಿಯೊಳಗೇ ಲಭ್ಯವಿದ್ದ ರಾಗಿಮುದ್ದೆಯ ಮೇಲೆ ಹೊಣೆ ನಿಗದಿಪಡಿಸಲಾಗಿತ್ತು. ಮುದ್ದೆಯ ಗಾತ್ರವನ್ನು ಸ್ಥಿರಪಡಿಸಲು ಚನ್ನಪಟ್ಟಣದ ಬೊಂಬೆ ಕೆಲಸಗಾರ ಅಸದುಲ್ಲಾ ಅವರಿಂದ ಮರದ ಪ್ರಮಾಣಿತ ಮುದ್ದೆಯೊಂದನ್ನು ಕಡೆಯಿಸಲಾಯಿತು. ಮೊದಲ ಮಾದರಿಯು ಕೆಂಪು ಹಳದಿ ಪಟ್ಟೆಗಳಿಂದ ಕೂಡಿದ್ದು, ಅಲುಗಿಸಿದಾಗ ಗಿಲಕಿಯಂತೆ ಸದ್ದು ಮಾಡಿದ್ದರಿಂದ ಹಿಂದಿರುಗಿಸಲಾಯಿತು. ರಾಗಿಯ ಬಣ್ಣದ ಅರಗು ಹಚ್ಚಿದ ಎರಡನೆಯ ಮಾದರಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.

2. ಹೋಲಿಕೆಗೆ ಅನುಕೂಲವಾಗಲೆಂದು ಇದನ್ನು ನಿಜವಾದ ಮುದ್ದೆಗಳ ನಡುವೆಯೇ ಇರಿಸುವಂತೆ ಹಾಸ್ಟೆಲಿನ ಅಡುಗೆಯವರಾದ ಹನುಮಂತಮ್ಮ ಅವರಿಗೆ ಸೂಚಿಸಲಾಗಿತ್ತು. ಪರಿಣಾಮವಾಗಿ ಅದು ಸೊಪ್ಪಿನ ಸಾರಿನೊಡನೆ ಮತೀನ್ ಅವರ ತಟ್ಟೆಗೆ ಬಂದಿದ್ದು, ಇವರು ಸದರಿ ಅಸದುಲ್ಲಾ ಅವರ ಪುತ್ರರೇ ಆಗಿರುವುದು ಆಕಸ್ಮಿಕ. ಮತೀನ್ ಮೊದಲು ಇನ್ನಷ್ಟು ಸಾರು ಕೇಳಿ, ನಂತರ ಹೆಬ್ಬೆರಳಿನಿಂದ ಒತ್ತಿ ನೋಡಿ, ಪಕ್ಕದಲ್ಲಿದ್ದ ಸಹಪಾಠಿಗೆ, "ಲೇ ಬಾಲರಾಜು, ಇದು ಮುದ್ದೆ ಅಲ್ಲ ಕಣ್ಲಾ, ನಮ್ಮಬ್ಬನ ಕೈಕೆಲ್ಸ" ಎಂದಿದ್ದಾಗಿ ತಿಳಿದುಬಂದಿದೆ. ನೋಟಿಸಿಗೆ ಹನುಮಂತಮ್ಮ ಅವರು, "ಎಲ್ಡೂ ಒಂದೇ ತರ ಹೊಳೀತಿದ್ವು ಸ್ವಾಮಿ. ನಿಮ್ದೇ ಒಸಿ ದುಂಡಗಿತ್ತು" ಎಂದು ನೀಡಿದ ಸಮಜಾಯಿಷಿಯನ್ನು ಒಪ್ಪಲಾಗಿದೆ. ಇನ್ನು ಮುಂದೆ ಬಡಿಸುವ ಮುನ್ನ ಪ್ರತಿ ಮುದ್ದೆಯನ್ನೂ ಸೌಟಿನಿಂದ ಮೆಲ್ಲನೆ ತಟ್ಟತಕ್ಕದ್ದು. ಸದ್ದು ಮಾಡುವ ಮುದ್ದೆಯು ಕಛೇರಿಯ ಸ್ವತ್ತಾಗಿದ್ದು, ಅದನ್ನು ಸೇವಿಸುವಂತಿಲ್ಲ.

3. ಕನಕಪುರ ಮತ್ತು ಮಾಗಡಿಯಿಂದ ಬಸ್ಸಿನಲ್ಲಿ ನಿಂತು ಬರುವುದನ್ನು ವ್ಯಾಯಾಮವೆಂದು ಪರಿಗಣಿಸಲಾಗುವುದು. ಸೀಟು ಸಿಕ್ಕ ವಿದ್ಯಾರ್ಥಿಗಳು ಅದು ಹೇಗೆ ಸಿಕ್ಕಿತೆಂಬುದಕ್ಕೆ ಅಂದೇ ಲಿಖಿತ ವಿವರಣೆ ಸಲ್ಲಿಸತಕ್ಕದ್ದು.

4. ಕಛೇರಿಯ ಟೇಪಿನೊಳಗೆ ಸೊಂಟ ಸೇರದ ವಿದ್ಯಾರ್ಥಿಗಳ ಹಾಲ್ ಟಿಕೆಟ್ಟನ್ನು ತಡೆಹಿಡಿದು, ರಾಮದೇವರಬೆಟ್ಟದ ತುದಿಯಲ್ಲಿ ನಿಂತ ಭಾವಚಿತ್ರ ಹಾಜರುಪಡಿಸಿದ ಬಳಿಕವಷ್ಟೇ ನೀಡಬೇಕೆಂದು ನಿಯಮವಿತ್ತು. ಸೋಮವಾರದ ಪರೀಕ್ಷೆಗೆ ಮತೀನ್ ಅವರೊಬ್ಬರ ಹಾಲ್ ಟಿಕೆಟ್ ಮಾತ್ರ ಕೆಳಸಹಿದಾರರ ಮೇಜಿನ ಖಾನೆಯಲ್ಲಿ ಉಳಿದಿತ್ತು. ಪರೀಕ್ಷೆ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆಂಬ ಅವರ ಮನವಿಯನ್ನು, ಸೊಂಟದ ವಿವರ ನಮೂದಿಸಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸಲಾಗಿತ್ತು.

5. ಬೆಟ್ಟ ಹತ್ತುವವರು ದಣಿವಾದಲ್ಲಿ ಕುಳಿತುಕೊಳ್ಳಬಹುದು. ಆದರೆ ಅಲುಗಾಡದೆ ಕುಳಿತುಕೊಳ್ಳಕೂಡದು. ಅಲ್ಲಿನ ರಣಹದ್ದುಗಳಿಗೆ ತಪ್ಪು ಸಂದೇಶ ರವಾನೆಯಾಗುವ ಸಂಭವವಿರುತ್ತದೆ.

6. ಹಿಂದೆ ಹಲವರು ಒಂದೇ ಭಾವಚಿತ್ರಕ್ಕೆ ಬೇರೆ ಬೇರೆ ಮುಖ ಅಂಟಿಸಿ ಸಲ್ಲಿಸಿದ್ದ ಕಾರಣ, ಭಾನುವಾರ ಮತೀನ್ ಅವರ ಹತ್ತುವಿಕೆಯನ್ನು ಕೆಳಸಹಿದಾರರು ಖುದ್ದಾಗಿ ಪರಿಶೀಲಿಸಲು ತೆರಳಿದರು. ಮತೀನ್ ತುದಿ ತಲುಪಿ ಇಳಿದು ಬರುವ ವೇಳೆಗೆ ಕೆಳಸಹಿದಾರರು ಅರ್ಧ ದಾರಿಯ ಮೆಟ್ಟಿಲಿನ ಮೇಲೆ, ತಾಂತ್ರಿಕ ಕಾರಣಗಳಿಂದ, ಎದೆ ಹಿಡಿದು ಅಲುಗಾಡದೆ ಕುಳಿತಿದ್ದರು. ಐದನೆಯ ನಿಯಮದ ಉಲ್ಲಂಘನೆಯಾಗಿತ್ತು. ರಣಹದ್ದುಗಳು ಸುತ್ತಲಾರಂಭಿಸಿದ್ದೂ ಕಂಡುಬಂದಿತು. ಆ ಸ್ಥಿತಿಯಲ್ಲಿಯೂ ಕೆಳಸಹಿದಾರರು ಭಾವಚಿತ್ರದ ಬಗ್ಗೆ ವಿಚಾರಿಸಿದ್ದು ದಾಖಲಾರ್ಹ. ಅದಕ್ಕೆ ಮತೀನ್, "ಫೋಟೋ ಆಮ್ಯಾಕೆ ಸಾರ್. ಮಾತಾಡ್ಬ್ಯಾಡಿ, ಬೆನ್ ಮ್ಯಾಲೆ ಬನ್ನಿ" ಎಂದು, ಅಧಿಕಾರಿಯನ್ನು ಹೊರುವುದಕ್ಕೆ ಪೂರ್ವಾನುಮತಿ ಪಡೆಯದೆ, ಬೆಟ್ಟದ ಬುಡದವರೆಗೆ ಹೊತ್ತು ತಂದು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿರುತ್ತಾರೆ.

7. ವೈದ್ಯರು ಇಬ್ಬರ ನಾಡಿಯನ್ನೂ ಪರೀಕ್ಷಿಸಿದರು. ಹೊತ್ತವರ ನಾಡಿ ಬೇಗನೆ ಸಹಜಸ್ಥಿತಿಗೆ ಬಂದಿತು, ಹೊರಿಸಿಕೊಂಡವರದು ಬರಲಿಲ್ಲ. ಕೆಳಸಹಿದಾರರ ಜೇಬಿನಲ್ಲಿದ್ದ ಕಛೇರಿಯ ಟೇಪಿನಿಂದಲೇ ಅವರ ಸೊಂಟವನ್ನು ಅಳೆಯಲಾಗಿ, ಟೇಪಿನ ಎರಡು ತುದಿಗಳು ಪರಸ್ಪರ ಸಂಧಿಸಲಿಲ್ಲ.

8. ಆದುದರಿಂದ ಟೇಪಿನ ನಿಯಮವನ್ನು ರದ್ದುಪಡಿಸಿ, ಮೇಜಿನ ಖಾನೆಯ ಬೀಗದ ಕೈಯನ್ನು ದಿಂಬಿನ ಕೆಳಗಿನಿಂದ ತೆಗೆದುಕೊಟ್ಟು, ಮತೀನ್ ಅವರ ಹಾಲ್ ಟಿಕೆಟ್ಟನ್ನು ಪರೀಕ್ಷೆಗೆ ಮುನ್ನವೇ ಬಿಡುಗಡೆ ಮಾಡಲಾಗಿದೆ. ಭಾವಚಿತ್ರದಿಂದ ಅವರಿಗೆ ವಿನಾಯಿತಿ ನೀಡಿದೆ. ವೈದ್ಯರ ಸಲಹೆಗಳು ತೀರಾ ಸಾಮಾನ್ಯವೆಂಬ ಷರಾವನ್ನು ಈ ಮೂಲಕ ಹಿಂಪಡೆಯಲಾಗಿದೆ.

ಸಹಿ/-
(ಹನುಮಂತಯ್ಯ)
ಉಪ ಕುಲಸಚಿವರು, ದೇಹಭಾರ ನಿಯಂತ್ರಣ
ಕ್ಯಾಂಪ್: ಪುರುಷರ ವಾರ್ಡು, ಕಿಟಕಿ ಪಕ್ಕದ ಮಂಚ

ಪ್ರತಿಗಳು:
1. ಶ್ರೀಮತಿ ಹನುಮಂತಮ್ಮ, ಹಾಸ್ಟೆಲ್ ಅಡುಗೆ ವಿಭಾಗ: ವೈದ್ಯರ ಆದೇಶದಂತೆ ಪ್ರತಿದಿನ ಒಂದು ಸಣ್ಣ ಮುದ್ದೆಯನ್ನು ಮೇಲ್ಕಂಡ ಮಂಚಕ್ಕೆ ಕಳುಹಿಸುವಂತೆ ಕೋರಿದೆ. ಸೌಟಿನಿಂದ ತಟ್ಟಿ ನೋಡಿಯೇ ಕಳುಹಿಸುವುದು.
2. ಶ್ರೀ ಅಸದುಲ್ಲಾ, ಚನ್ನಪಟ್ಟಣ: ಎರಡೂ ಕೈಕೆಲಸಗಳಿಗಾಗಿ, ವಿಶೇಷವಾಗಿ ಪುತ್ರನಿಗಾಗಿ, ವಂದನೆಗಳೊಂದಿಗೆ.
3. ಗೇಟಿನ ಹೊರಗಿನ ಗೋಬಿ ಗಾಡಿಯವರು: ಕೆಳಸಹಿದಾರರ ಸಂಜೆಯ ತಟ್ಟೆಯನ್ನು ಇನ್ನು ಮುಂದೆ ಕಾದಿರಿಸಬೇಕಾಗಿಲ್ಲ.
4. ರಾಮದೇವರಬೆಟ್ಟದ ರಣಹದ್ದುಗಳು, ಅರಣ್ಯ ಇಲಾಖೆಯ ಮುಖೇನ: ಮಾಹಿತಿಗಾಗಿ. ಕೆಳಸಹಿದಾರರ ವಿಷಯದಲ್ಲಿ ಸದ್ಯಕ್ಕೆ ಮುಂದಿನ ಕ್ರಮದ ಅಗತ್ಯವಿರುವುದಿಲ್ಲ.