ನಮ್ಮ ಮನೆಯಲ್ಲಿ ಹೇನಿಲ್ಲ

ಸಕ್ಕರೆ ಕಾಯಿಲೆ ಬಂದವರು ಅದನ್ನು ಮದುವೆ ಮನೆಯ ಪಂಕ್ತಿಯಲ್ಲೇ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿಕೊಳ್ಳುತ್ತಾರೆ. ಬಿಪಿ, ಥೈರಾಯ್ಡ್, ಮಂಡಿನೋವುಗಳಿಗೂ ಸಮಾಜದಲ್ಲಿ ಒಂದು ಸ್ಥಾನಮಾನವಿದೆ. ಆದರೆ ಹೇನಿನ ವಿಷಯ ಹಾಗಲ್ಲ. "ನಮ್ಮ ಮನೆಯಲ್ಲಿ ಹೇನು ಸೇರಿಕೊಂಡಿದೆ ಕಣ್ರೀ" ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಹೇನು ಯಾವಾಗಲೂ ಬೇರೆಯವರ ಮನೆಯಲ್ಲಿ ಹುಟ್ಟಿ, ಬೆಳೆದು, ನಮ್ಮ ಮನೆಗೆ ಬಂದಿರುತ್ತದೆ. ಈ ನಂಬಿಕೆಯನ್ನು ನಾನು ಒಂದು ವರ್ಷದ ಹತ್ತಿರ ಬಹಳ ಶ್ರದ್ಧೆಯಿಂದ ಪಾಲಿಸಿದೆ. ಅದರಿಂದ ಹೇನಿಗೆ ಬಿಟ್ಟರೆ ಬೇರೆ ಯಾರಿಗೂ ಒಳ್ಳೆಯದಾಗಲಿಲ್ಲ.

ನಾವಿರುವುದು ಮತ್ತಿಕೆರೆಯಲ್ಲಿ. ನಾನು, ನನ್ನ ಗಂಡ, ಅತ್ತೆ ಮತ್ತು ನಾಲ್ಕನೇ ಕ್ಲಾಸಿನ ಮಗಳು ಧನ್ಯಾ. ಇವರಲ್ಲಿ ನನ್ನ ಗಂಡನನ್ನು ಈ ಕತೆಯಿಂದ ಮೊದಲೇ ಬಿಟ್ಟುಬಿಡಬಹುದು. ಅವರ ತಲೆಯ ಮೇಲೆ ಹೇನಿಗೆ ಬೇಕಾದ ನೆರಳಿಲ್ಲ. ಧನ್ಯಾಳದು ಮಾತ್ರ ಸೊಂಟ ಮುಟ್ಟುವ ಕೂದಲು. ನಮ್ಮ ಅತ್ತೆ ಅದನ್ನು ಹಿತ್ತಲಿನ ಮಲ್ಲಿಗೆ ಬಳ್ಳಿಯಂತೆ ನೋಡಿಕೊಂಡು ಬಂದಿದ್ದಾರೆ. ಎರಡು ಜಡೆ ಹೆಣೆದು, ಮಡಿಸಿ, ರಿಬ್ಬನ್ ಕಟ್ಟಿದರೆ ಅವಳ ಕಿವಿಯ ಪಕ್ಕದಲ್ಲಿ ಎರಡು ಕುಣಿಕೆ ನೇತಾಡುತ್ತವೆ. ಆ ಕುಣಿಕೆಗಳ ಹಿಂದೆಯೇ ಅವು ಸಂಸಾರ ಹೂಡಿದ್ದವು.

ಮೊದಲ ಸಲ ಕಂಡಾಗ ನಾನು ಧೈರ್ಯಗೆಡಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಔಷಧಿ ತಂದೆ. ಅಂಗಡಿಯವನಿಗೆ ಕೇಳಿಸಿದರೆ ಸಾಕು, ಹಿಂದೆ ನಿಂತವರಿಗೆ ಕೇಳಿಸಬಾರದು ಎನ್ನುವ ದನಿಯಲ್ಲಿ ಕೇಳಿದೆ. ಅವನು "ಹೇನಿಗಾ ಮೇಡಂ?" ಎಂದು ಬಸ್ ಸ್ಟಾಪಿಗೆ ಕೇಳಿಸುವಂತೆ ಕೂಗಿ ಕೊಟ್ಟ. ಹಚ್ಚಿದೆ, ತೊಳೆದೆ, ಸೀರಣಿಗೆಯಲ್ಲಿ ಬಾಚಿದೆ. ಹೋದವು. ಮೂರು ವಾರಕ್ಕೆ ಮತ್ತೆ ಬಂದವು. ಮತ್ತೆ ಹಚ್ಚಿದೆ. ಮತ್ತೆ ಹೋದವು, ಮತ್ತೆ ಬಂದವು. ಹೋಗುವಾಗ ಹೇಳಿ ಹೋಗುವುದು, ಬರುವಾಗ ಹೇಳದೆ ಬರುವುದು ಎಂಬ ನೆಂಟರ ಕ್ರಮವನ್ನು ಅವು ಚೆನ್ನಾಗಿಯೇ ಕಲಿತಿದ್ದವು.

ಇದಕ್ಕೆ ನಮ್ಮ ಅತ್ತೆಯವರ ಪಂಚಾಂಗವೂ ಒಂದಿಷ್ಟು ನೆರವಾಯಿತು. ನಮ್ಮ ಮನೆಯಲ್ಲಿ ಮಂಗಳವಾರ, ಶುಕ್ರವಾರ ಹೇನು ನೋಡುವಂತಿಲ್ಲ. ಅಮಾವಾಸ್ಯೆಯಂದು ಸೀರಣಿಗೆಯನ್ನು ಮುಟ್ಟುವಂತಿಲ್ಲ. ಉಳಿದ ದಿನ ದೀಪ ಹಚ್ಚುವ ಮೊದಲೇ ಮುಗಿಸಬೇಕು. ನಾನು ಕೆಲಸ ಮಾಡುವುದು ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ. ಹೆಸರಘಟ್ಟ ರಸ್ತೆಯ ಟ್ರಾಫಿಕ್ಕನ್ನು ದಾಟಿ ಮನೆ ಸೇರುವ ಹೊತ್ತಿಗೆ ದೇವರ ಮುಂದೆ ದೀಪ ಉರಿಯುತ್ತಿರುತ್ತದೆ. ನಾನು ಧನ್ಯಾಳ ರಿಬ್ಬನ್ನಿಗೆ ಕೈ ಹಾಕಿದರೆ ಸಾಕು, ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ದೀಪ ಹಚ್ಚಿದ್ಮೇಲೆ ತಲೆ ಬಿಚ್ಚಬಾರ್ದಮ್ಮಾ. ಲಕ್ಷ್ಮಿ ಹೊರಟ್ಹೋಗ್ತಾಳೆ." ಲಕ್ಷ್ಮಿ ನಮ್ಮ ಮನೆಯಲ್ಲಿ ಎಷ್ಟರ ಮಟ್ಟಿಗೆ ಇದ್ದಾಳೆಂಬುದು ನನಗೆ ಗೊತ್ತಿದ್ದರೂ ವಾದ ಮಾಡುತ್ತಿರಲಿಲ್ಲ. ಹೀಗಾಗಿ ಉಳಿದದ್ದು ಭಾನುವಾರ ಒಂದೇ.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಚಾಪೆ ಹಾಸಿ ನಾನು ತಪಾಸಣೆಗೆ ಕೂರುತ್ತಿದ್ದೆ. ಮಗಳನ್ನು ಕಾಲುಗಳ ನಡುವೆ ಕೂರಿಸಿಕೊಂಡು, ಬೈತಲೆ ತೆಗೆದು, ಎಳೆ ಎಳೆ ಬಿಡಿಸಿ ನೋಡುತ್ತಿದ್ದೆ. ಅವಳು ಅಲ್ಲಾಡಿದರೆ ತಲೆಗೊಂದು ಮೊಟಕುತ್ತಿದ್ದೆ. ಕೊನೆಗೆ "ಆಯ್ತು, ಒಂದೂ ಇಲ್ಲ" ಎಂದು ತೀರ್ಪು ಕೊಟ್ಟು ಏಳುತ್ತಿದ್ದೆ. ನನ್ನ ಕೆಲಸದಲ್ಲಿ ನನಗೆ ಬಹಳ ಭರವಸೆಯಿತ್ತು. ಬೇಳೆ ಆರಿಸುವುದರಲ್ಲೂ ನನ್ನ ಕೈ ಹಾಗೆಯೇ. ಇತ್ತೀಚೆಗಂತೂ ಅಂಗಡಿಯ ಬೇಳೆಯಲ್ಲಿ ಕಲ್ಲೇ ಬರುವುದಿಲ್ಲ, ಕಾಲ ಸುಧಾರಿಸಿದೆ ಎಂದುಕೊಂಡಿದ್ದೆ. ಊಟಕ್ಕೆ ಕೂತಾಗ ನನ್ನ ಗಂಡನ ಬಾಯಲ್ಲಿ ಆಗಾಗ ಕಟಂ ಎನ್ನುತ್ತಿತ್ತು. ಅವರ ಹಲ್ಲು ಸರಿಯಿಲ್ಲ, ಡೆಂಟಿಸ್ಟಿಗೆ ತೋರಿಸಿಕೊಳ್ಳಿ ಎಂದಿದ್ದೆ.

ನನ್ನ ಕೈಯಲ್ಲಿ ಶುದ್ಧವಾದ ತಲೆ ಮತ್ತೆ ಮತ್ತೆ ಕೆಡುತ್ತಿದೆ ಎಂದರೆ ತಪ್ಪು ಹೊರಗಿನದೇ ಇರಬೇಕಲ್ಲ. ಹೊರಗೆ ಎಂದರೆ ಸ್ಕೂಲು. ಸ್ಕೂಲು ಎಂದರೆ ಬೆಂಚು. ಬೆಂಚಿನಲ್ಲಿ ಧನ್ಯಾಳ ಪಕ್ಕ ಯುಕೆಜಿಯಿಂದ ಕೂರುವವಳು ಆಲಿಯಾ. ಗಂಗಾನಗರದ ಹುಡುಗಿ. ಇಬ್ಬರದೂ ಒಂದೇ ಡಬ್ಬಿ, ಒಂದೇ ಗುಟ್ಟು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಸ್ಕೂಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಅವರು ಮಾತಾಡುವುದನ್ನು ನಾನು ಗೇಟಿನ ಹತ್ತಿರ ನೋಡಿದ್ದೇನೆ. ಎರಡು ತಲೆಗಳೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಈಗ ನನಗೆ ಅದು ಸ್ನೇಹವಾಗಿ ಕಾಣಲಿಲ್ಲ, ಸೇತುವೆಯಾಗಿ ಕಂಡಿತು. ನಾನು ಕ್ಲಾಸ್ ಮಿಸ್ಸಿಗೆ ಫೋನ್ ಮಾಡಿ, ಧನ್ಯಾಗೆ ಹಿಂದಿನಿಂದ ಬೋರ್ಡು ಕಾಣುವುದಿಲ್ಲ, ಮುಂದೆ ಕೂರಿಸಿ ಎಂದು ಕೇಳಿಕೊಂಡೆ. ಮಿಸ್ಸು "ನೀವೂನಾ?" ಎಂದರು. ಆ "ನೀವೂನಾ" ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಧನ್ಯಾ ಮುಂದಿನ ಬೆಂಚಿಗೆ ಹೋದಳು. ಅಳಲಿಲ್ಲ, ಜಗಳವಾಡಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಡಬ್ಬಿ ಅರ್ಧ ತುಂಬಿಯೇ ವಾಪಸ್ ಬರತೊಡಗಿತು. ಆಮೇಲೆ ಕಾಲೇಜಿಗೆ ರಜೆಯಿದ್ದ ಒಂದು ಶನಿವಾರ ಮಧ್ಯಾಹ್ನ, ನಾನು ತರಕಾರಿ ಹೆಚ್ಚುತ್ತಿದ್ದಾಗ, ಅವಳು ಕೈಯಲ್ಲಿ ಹೊಲಿಗೆಯ ಕತ್ತರಿ ಹಿಡಿದು ಬಂದು ನಿಂತಳು.

"ಅಮ್ಮಾ, ಕೂದ್ಲು ಪೂರ್ತಿ ಕಟ್ ಮಾಡ್ಬಿಡು."

"ಯಾಕೆ ಪುಟ್ಟಾ?"

"ಕೂದ್ಲೇ ಇಲ್ದಿದ್ರೆ ಹೇನೂ ಇರಲ್ಲ. ಆಗ ನಾನು ಆಲಿಯಾ ಪಕ್ಕ ಕೂರ್ಬಹುದು ಅಲ್ವಾ?"

ಬೋರ್ಡಿನ ಸುಳ್ಳು ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಕತ್ತರಿ ಕಿತ್ತುಕೊಂಡು ಮೇಲಿಟ್ಟೆ. ಅತ್ತೆ ಈ ಮಾತನ್ನು ಕೇಳಿಸಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟರು. "ಹೋಗಿ ಆ ಮಗೀನ ಅಮ್ಮನ್ನ ಮಾತಾಡ್ಸಿ ಬಾರಮ್ಮಾ. ಮಕ್ಕಳ ಬಾಯಲ್ಲಿ ಇಂಥಾ ಮಾತು ಬರಬಾರ್ದು" ಎಂದರು. ಆ ಸಂಜೆಯೇ ನಾನು ಮಗಳನ್ನು ಕರೆದುಕೊಂಡು ಹೊರಟೆ. ಜಗಳವಾಡುವುದು ಬೇಡ, ಸಮಾಧಾನವಾಗಿ ತಿಳಿಸಿ ಹೇಳೋಣ, ಮಗುವಿನ ತಲೆ ಚೊಕ್ಕಟವಾಗಿ ನೋಡಿಕೊಳ್ಳಿ ಎನ್ನೋಣ ಎಂದು ಆಟೋದಲ್ಲಿ ಮಾತು ಜೋಡಿಸಿಕೊಂಡೆ. ಹೆಬ್ಬಾಳದ ಕಡೆಯ ಟ್ರಾಫಿಕ್ಕಿನಲ್ಲಿ ಅದಕ್ಕೆ ಬೇಕಾದಷ್ಟು ಸಮಯವೂ ಸಿಕ್ಕಿತು.

ಆಲಿಯಾಳ ಅಮ್ಮ ನಸ್ರೀನ್ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಕಣ್ಣಿನ ಪರೀಕ್ಷೆಯನ್ನೂ ಅವರೇ ಮಾಡುತ್ತಾರೆ. ನಾವು ಒಳಗೆ ಹೋದಾಗ ಆಲಿಯಾ ಕೌಂಟರಿನ ಹಿಂದೆ ಹೋಂವರ್ಕ್ ಬರೆಯುತ್ತಿದ್ದಳು. ಇಬ್ಬರು ಹುಡುಗಿಯರೂ ಒಬ್ಬರನ್ನೊಬ್ಬರು ನೋಡಿ ಎದ್ದರು, ಆಮೇಲೆ ನಮ್ಮಿಬ್ಬರ ಮುಖ ನೋಡಿ ನಿಂತಲ್ಲೇ ನಿಂತರು. ಆ ನಿಂತದ್ದು ನನಗೆ ಈಗಲೂ ಮರೆತಿಲ್ಲ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ನಾನೇ ನಿಮ್ಗೆ ಫೋನ್ ಮಾಡ್ಬೇಕು ಅಂತಿದ್ದೆ" ಎಂದರು ನಸ್ರೀನ್. ಆಮೇಲೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ಮಿಸ್ಸಿಗೆ ನಾನೇ ಹೇಳ್ದೆ, ಮಕ್ಕಳನ್ನ ಬೇರೆ ಕೂರ್ಸಿ ಅಂತ. ಧನ್ಯಾದು ಉದ್ದ ಕೂದ್ಲು, ದಿನಾ ಎಣ್ಣೆ, ಹೂವು ಬೇರೆ... ನಾನು ಅಂದ್ಕೊಂಡೆ..." ಎಂದು ನಿಲ್ಲಿಸಿದರು.

ಮಿಸ್ಸಿನ "ನೀವೂನಾ" ಈಗ ಅರ್ಥವಾಯಿತು. ನಾನು ಆಟೋದಲ್ಲಿ ಜೋಡಿಸಿಕೊಂಡಿದ್ದ ಮಾತನ್ನೇ ಇವರು ನನಗೆ ಹೇಳುತ್ತಿದ್ದರು, ಅದೂ ನನಗಿಂತ ಹೆಚ್ಚು ಮರ್ಯಾದೆಯಿಂದ. ನನಗೆ ಸಿಟ್ಟು ಬಂತು. "ಪ್ರತಿ ಭಾನುವಾರ ನಾನೇ ನೋಡ್ತೀನಿ. ನಮ್ಮನೇಲಿ ಹೇನಿಲ್ಲ. ಬೇಕಾದ್ರೆ ನೀವೇ ನೋಡಿ" ಎಂದು ಧನ್ಯಾಳನ್ನು ಮುಂದೆ ನೂಕಿದೆ. ಕನ್ನಡಕದ ಅಂಗಡಿಯಲ್ಲಿ ಕೂತು ಇಂಥ ಸವಾಲು ಹಾಕಬಾರದು.

ನಸ್ರೀನ್ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ರೇಮು ರಿಪೇರಿ ಮಾಡುವ ದೀಪವನ್ನು ಹತ್ತಿರ ಎಳೆದು, ಕಿವಿಯ ಹಿಂದಿನ ಕೂದಲನ್ನು ಬಿಡಿಸಿದರು. "ಅಕ್ಕಾ, ಇಷ್ಟೊಂದು ಸೀರಿದೆ!" ಎಂದರು.

"ಎಲ್ಲಿ?"

"ಇಲ್ಲೇ. ಸಾಲಾಗಿ."

ನಾನು ಬಗ್ಗಿದೆ. ಕೂದಲು ಕಂಡಿತು. ಇನ್ನಷ್ಟು ಬಗ್ಗಿದೆ. ಕೂದಲೂ ಮಸುಕಾಯಿತು. ನಸ್ರೀನ್ ನನ್ನನ್ನು ನೋಡಿ, ಸಣ್ಣ ಅಕ್ಷರದ ಕಾರ್ಡೊಂದನ್ನು ಕೈಗೆ ಕೊಟ್ಟರು. ನಾನು ಅದನ್ನು ಓದಲು ಕೈ ಉದ್ದ ಮಾಡಿದೆ. ಇನ್ನೂ ಉದ್ದ ಮಾಡಿದೆ. ಕೈ ಮುಗಿದುಹೋಯಿತು, ಅಕ್ಷರ ಸಿಗಲಿಲ್ಲ. ಅಲ್ಲಿದ್ದ ಒಂದು ಕನ್ನಡಕವನ್ನು ಅವರು ನನ್ನ ಮೂಗಿನ ಮೇಲೆ ಇಟ್ಟು, "ಈಗ ನೋಡಿ" ಎಂದರು. ಈಗ ನೋಡಿದೆ. ನನ್ನ ಮಗಳ ಕೂದಲಿನ ಎಳೆ ಎಳೆಗೂ ಸೀರು ರವೆ ಉದುರಿಸಿದ ಹಾಗೆ ಅಂಟಿತ್ತು. ಎಷ್ಟೋ ಭಾನುವಾರಗಳ ತೀರ್ಪುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ನನ್ನ ಗಂಡನ ಹಲ್ಲುಗಳ ಬಗ್ಗೆಯೂ ನನಗೆ ಅದೇ ಕ್ಷಣ ಮರುಕ ಹುಟ್ಟಿತು.

ಆಲಿಯಾಳ ತಲೆಯಲ್ಲೂ ಇತ್ತು. ಯಾರದು ಯಾರಿಗೆ ಬಂತೋ ಹೇಳಲು ಸಾಧ್ಯವಿರಲಿಲ್ಲ. ನಸ್ರೀನ್ ಮೆಲ್ಲಗೆ, "ಅಕ್ಕಾ, ನಿಮ್ದೂ ಒಂದ್ಸಲ ನೋಡ್ಲಾ?" ಎಂದರು. ನಾನು ಬೇಡ ಎನ್ನುವುದರೊಳಗೆ ಅವರ ಬೆರಳು ನನ್ನ ತುರುಬಿನೊಳಗೆ ಹೋಗಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆಯನ್ನು ಹೀಗೆ ಯಾರೂ ಬಿಡಿಸಿ ನೋಡಿರಲಿಲ್ಲ. ಮನೆಯಲ್ಲಿ ಎಲ್ಲರ ತಲೆಯ ಯೋಚನೆಯೂ ನನ್ನದು, ನನ್ನ ತಲೆಯ ಯೋಚನೆ ಯಾರದೂ ಅಲ್ಲ, ನನ್ನದೂ ಅಲ್ಲ. ಕಣ್ಣು ತುಂಬಿ ಬಂತು. ಹೊಸ ಕನ್ನಡಕದ ಪವರು ಜಾಸ್ತಿ ಇರಬೇಕು ಎಂದೆ.

"ಇದೆಯಾ?" ಎಂದು ಕೇಳಿದೆ.

"ಇದೆ ಅಕ್ಕಾ. ಚೆನ್ನಾಗಿ ಬೆಳ್ದಿವೆ" ಎಂದರು ಅವರು, ಒಳ್ಳೆ ಬೆಳೆ ನೋಡಿದವರ ದನಿಯಲ್ಲಿ.

ಅಂದರೆ ನಾನು ಭಾನುವಾರ ಬೆಳಿಗ್ಗೆ ಮಗಳ ತಲೆಗೆ ಔಷಧಿ ಹಚ್ಚಿ, ರಾತ್ರಿ ಅವಳನ್ನು ನನ್ನ ದಿಂಬಿನಲ್ಲೇ ಮಲಗಿಸಿಕೊಂಡು, ಹೋದವುಗಳನ್ನು ತಿರುಗಿ ಕೊಡುತ್ತಿದ್ದೆ. ಬೆಂಚು ಬದಲಾಯಿಸಿದ ನನಗೆ ದಿಂಬು ಬದಲಾಯಿಸಬೇಕು ಎಂದು ಹೊಳೆದಿರಲಿಲ್ಲ. ಕೊನೆಗೆ ಎರಡೂ ಮನೆಯ ಎಲ್ಲ ತಲೆಗಳಿಗೂ ಒಂದೇ ಭಾನುವಾರ ಔಷಧಿ ಎಂದು ನಸ್ರೀನ್ ತೀರ್ಮಾನ ಮಾಡಿದರು. ನಮ್ಮ ಅತ್ತೆ ಪಂಚಾಂಗ ನೋಡಿ, ದಿನ ಚೆನ್ನಾಗಿದೆ ಎಂದು ಒಪ್ಪಿ, ತಾವೂ ಜಡೆ ಬಿಚ್ಚಿ ಕೂತರು. ಸೋಮವಾರ ನಾನು ಮಿಸ್ಸಿಗೆ ಫೋನ್ ಮಾಡಿ, ಧನ್ಯಾಗೆ ಹಿಂದಿನಿಂದಲೂ ಬೋರ್ಡು ಚೆನ್ನಾಗಿ ಕಾಣುತ್ತದೆ ಎಂದು ತಿಳಿಸಿದೆ. ಕಣ್ಣು ಸರಿಯಿಲ್ಲದಿದ್ದದ್ದು ನನ್ನದು ಎಂಬುದನ್ನು ಮಾತ್ರ ಹೇಳಲಿಲ್ಲ.

ಈಗ ಭಾನುವಾರ ಆಲಿಯಾ ನಮ್ಮ ತಾರಸಿಗೆ ಬರುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಇಬ್ಬರ ತಲೆ ನೋಡುತ್ತೇನೆ. ಆಮೇಲೆ ನನ್ನ ಸರದಿ. ನಾನು ಚಾಪೆಯ ಮೇಲೆ ತಲೆ ಬಗ್ಗಿಸಿ ಕೂರುತ್ತೇನೆ, ಅವರಿಬ್ಬರೂ ಹಿಂದೆ ನಿಂತು ಬೈತಲೆ ತೆಗೆಯುತ್ತಾರೆ. ಅಲ್ಲಾಡಿದರೆ ಧನ್ಯಾ ಮೊಟಕುತ್ತಾಳೆ. ನನ್ನ ಕೈಯಿಂದಲೇ ಕಲಿತ ಮೊಟಕು, ಬಲವಾಗಿಯೇ ಬೀಳುತ್ತದೆ. ಹೋದ ವಾರ ಅವಳು ಇದ್ದಕ್ಕಿದ್ದಂತೆ, "ಅಮ್ಮಾ, ಇಲ್ಲೇನೋ ಬೆಳ್ಳಗಿದೆ" ಎಂದಳು.

"ಸೀರಿರಬೇಕು, ಸರಿಯಾಗಿ ನೋಡೇ" ಎಂದೆ. ಹೇನಿನ ಮೊಟ್ಟೆ ಇರಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

"ಅಲ್ಲ ಆಂಟಿ, ಬಿಳಿ ಕೂದ್ಲು. ಇಲ್ಲೂ ಇದೆ, ಇಲ್ಲೂ ಇದೆ" ಎಂದಳು ಆಲಿಯಾ. "ಎಲ್ಲೇ, ತೋರ್ಸೇ" ಎಂದು ಧನ್ಯಾ ಬಗ್ಗಿದಳು. ನನ್ನ ನೆತ್ತಿಯ ಮೇಲೆ ಎರಡು ತಲೆಗಳು ಟಕ್ಕೆಂದು ತಾಗಿದವು. ಇಬ್ಬರೂ ನಕ್ಕರು. ತಾಗಿದ ತಲೆಗಳನ್ನು ಅವರು ದೂರ ಸರಿಸಲೇ ಇಲ್ಲ. ಸೇತುವೆ ಮತ್ತೆ ತೆರೆದಿದೆ ಎಂದು ನನಗೆ ಗೊತ್ತಾಯಿತು. ದೂರ ನಿಲ್ಲಿ ಎನ್ನಬೇಕಿತ್ತು. ನಾನು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಅಲ್ಲಾಡದೆ ಕೂತೆ.